ಎದುರಿಗೆ ಕರೆದ ಹಾಲು

ಕಾಮಸಮುದ್ರದ ಪಕ್ಕದ ಹಳ್ಳಿಯಲ್ಲಿ ಹಾಲಿನ ಡೇರಿ ಶುರುವಾದ ದಿನದಿಂದ ಹಾಲು ಪರೀಕ್ಷೆ ಮಾಡುತ್ತಿದ್ದವನು ಚಿಕ್ಕಮುನಿಯಪ್ಪ. ನಂಟರೆಂದು ನೋಡುವವನಲ್ಲ, ಜಗಳಕ್ಕೆ ಹೆದರುವವನಲ್ಲ. ಯಾರದಾದರೂ ಹಾಲಿಗೆ ನೀರು ಬೆರೆತಿದೆಯೆಂದು ಅನುಮಾನ ಬಂದರೆ ಅಲ್ಲೇ ಕೂಗಾಡುತ್ತಿರಲಿಲ್ಲ. ಮುಂದೆ ಒಂದು ಬೆಳಿಗ್ಗೆ, ಹೇಳದೆ ಕೇಳದೆ ಅವರ ಕೊಟ್ಟಿಗೆಗೆ ಹೋಗಿ, ತನ್ನ ಕಣ್ಣೆದುರಿಗೇ ಹಾಲು ಕರೆಸಿ, ಡೇರಿಗೆ ಬಂದ ಹಾಲಿನ ಜೊತೆ ಹೋಲಿಸಿ ನೋಡುತ್ತಿದ್ದ. ಅಲ್ಲಿಗೆ ನ್ಯಾಯ ಮುಗಿಯಿತು. ಸ್ವಂತ ಭಾಮೈದನ ಹಾಲನ್ನೇ ವಾಪಸು ಕಳಿಸಿದ್ದಕ್ಕೆ ಅತ್ತೆಮನೆಯವರು ಒಂದು ವರ್ಷ ಮಾತು ಬಿಟ್ಟಿದ್ದರು.

ಅಂಥವನಿಗೆ ಎಂಬತ್ತೆಂಟನೇ ಇಸವಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಹಾಲಿನ ಕ್ಯಾನು ಎತ್ತುವಾಗ ಎದೆ ಹಿಡಿದುಕೊಂಡಿತು. ಹಾರ್ಟ್ ಅಟ್ಯಾಕು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿ, ಮೂರು ಬಗೆಯ ಮಾತ್ರೆ ಹಿಡಿದು ಮನೆಗೆ ಬಂದ. ಆಮೇಲೆ ಬಂಗಾರಪೇಟೆಯ ಡಾಕ್ಟರು ರಕ್ತ ನೋಡಿ ಹೊಸದೊಂದು ಹೇಳಿದರು.

“ಹೃದಯದ ಮಾತ್ರೆ ಯಾವತ್ತೂ ಬಿಡೋ ಹಾಗಿಲ್ಲ. ಈಗ ಸಕ್ಕರೆಯೂ ಗಡಿ ಮೇಲೆ ನಿಂತಿದೆ, ಬರಿ ಹೊಟ್ಟೇಲೇ ನೂರ ಮೂವತ್ತೆರಡು. ನೂರ ನಲವತ್ತು ದಾಟಿಲ್ಲ, ಇನ್ನೂ ಕಾಯಿಲೆ ಅಲ್ಲ. ಆದರೆ ನಿಮ್ಮ ಹೃದಯ ಒಂದು ಸಲ ಪೆಟ್ಟು ತಿಂದಿದೆ, ಸುಮ್ಮನಿರೋದು ಬೇಡ. ಮೂರು ತಿಂಗಳು ಬಾಯಿ ಕಟ್ಟಿ, ದಿನಾ ನಡೀರಿ. ಇಳೀದಿದ್ದರೆ ಅದಕ್ಕೂ ಮಾತ್ರೆ ಶುರು ಮಾಡೋಣ.”

ಆ ನಾಲ್ಕನೇ ಮಾತ್ರೆಯೆಂದರೆ ಚಿಕ್ಕಮುನಿಯಪ್ಪನಿಗೆ ನಡುಕ. ಅವನ ಅಕ್ಕ ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡಿದ್ದಳು. ಮಾತ್ರೆ ತಿನ್ನಲು ಶುರು ಮಾಡಿದ್ದಕ್ಕೇ ಕಾಲು ಹೋಯಿತೆಂದು ಮನೆಯವರೆಲ್ಲ ನಂಬಿದ್ದರು, ಅವನೂ ನಂಬಿದ್ದ.

ಬಾಯಿ ಕಟ್ಟುವುದು ಹೇಳಿದಷ್ಟು ಸುಲಭವೇ? ಒಂದು ತಿಂಗಳು ಬಾಯಿ ಕಟ್ಟಿ, ದಿನಾ ನಡೆದ. ಆಮೇಲೆ ಡೇರಿಯ ಮುಂದಿನ ಸಕ್ಕರೆ ಕಾಫಿ, ಮಾವಿನಹಣ್ಣು, ಎಲ್ಲವೂ ಮೆಲ್ಲಗೆ ಮರಳಿದವು. ರಕ್ತ ಕೊಡಲು ಎರಡೇ ದಿನ ಉಳಿದಾಗ ದಿಗಿಲುಬಿದ್ದು, ಬರೀ ರಾಗಿ ಅಂಬಲಿ ಕುಡಿದುಕೊಂಡು ಕೂತ. ಹೆಂಡತಿ ಕದಿರಮ್ಮ ಹೊತ್ತುಹೊತ್ತಿಗೆ ಅದನ್ನೇ ಕಾಸಿ ಕೊಟ್ಟಳು. ನೂರ ಎಂಟು ಬಂತು. ಡಾಕ್ಟರು ಬೆನ್ನು ತಟ್ಟಿ, ಸಕ್ಕರೆಗೆ ಮಾತ್ರೆ ಬೇಡವೆಂದರು.

ಮೂರನೇ ದಿನ ಡೇರಿಗೆ ಹಾಲು ತಪಾಸಣೆಯ ಇನ್ಸ್‌ಪೆಕ್ಟರು ಬರುವವರಿದ್ದರು. ಸುದ್ದಿ ಮೊದಲೇ ಹರಡಿ, ಊರಿನ ಹಾಲೆಲ್ಲ ಗಟ್ಟಿಯಾಗಿತ್ತು.

“ಇವತ್ತು ಎಲ್ಲರ ಅಸೂಗೂ ಬುದ್ಧಿ ಬಂದದೆ” ಎಂದು ಅವನು ಎಂದಿನಂತೆ ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ಆದರೆ ಅವನ ನಗು ಅರ್ಧಕ್ಕೇ ನಿಂತಿತು. ಡಾಕ್ಟರ ಹತ್ತಿರ ತಾನು ಮಾಡಿದ್ದೂ ಇದನ್ನೇ. ಅಷ್ಟು ವರ್ಷ ಊರವರಿಗೆಲ್ಲ ಬುದ್ಧಿ ಹೇಳಿದವನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮನೆಗೆ ಬಂದವನೇ ಹೆಂಡತಿಯನ್ನು ಕರೆದ. “ಆ ನೂರ ಎಂಟು ನೀರಾಕಿದ್ದು ಕಣೇ. ಇನ್ನೊಂದು ಸಲ ರಗತ ಕೊಡ್ತೀನಿ. ಯಾವ ದಿನ ಅಂತ ನಂಗೆ ಗೊತ್ತಾಗಬಾರ್ದು, ನೀನೇ ನೋಡ್ಕಾ.”

“ಜಾಸ್ತಿ ಬಂದ್ರೆ?”

“ಬಂದ್ರೆ ಮಾತ್ರೆ ತಿಂತೀನಿ.”

ಹೇಳುವಾಗ ಅವನ ಕಣ್ಣ ಮುಂದೆ ಅಕ್ಕನ ಕಾಲೇ ಇತ್ತು. ಭಯ ಹಾಗೇ ಇದ್ದರೂ ಮಾತು ಕೊಟ್ಟ. ಅವನ ದೊಡ್ಡತನವೇ ಅದು.

ಕದಿರಮ್ಮ ಹತ್ತು ದಿನ ಯಾವ ಸುಳಿವೂ ಕೊಡಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಅವನು ಕಾಫಿಗೆ ಕೈ ಚಾಚಿದರೆ ಲೋಟದ ಬದಲು ಶರ್ಟು ಕೊಟ್ಟಳು. “ನಡಿ, ಬಸ್ಸು ಬತ್ತದೆ.”

ಡಾಕ್ಟರ ಮುಂದೆ ಕೂತು ನಡೆದದ್ದನ್ನೆಲ್ಲ ಒಪ್ಪಿಕೊಂಡ. ಈ ಸಲ ನೂರ ಮೂವತ್ತೆಂಟು. ಅಕ್ಕನ ಕಾಲಿನ ವಿಷಯವನ್ನೂ ಬಾಯಿಬಿಟ್ಟು ಕೇಳಿದ.

“ಕಾಲು ತೆಗೆದಿದ್ದು ಮಾತ್ರೆಯಲ್ಲ, ಸಕ್ಕರೆ” ಎಂದರು ಡಾಕ್ಟರು. “ಅವರು ಮಾತ್ರೆಗೆ ಬರೋ ಹೊತ್ತಿಗೆ ತಡವಾಗಿರಬೇಕು. ನೀವು ಮೊದಲೇ ಬಂದಿದ್ದೀರಿ. ಈಗ ಯಾವ ರಕ್ತದ ಚೀಟಿ ನೋಡಿ ಬರೀಲಿ, ಹಳೇದೋ ಇವತ್ತಿಂದೋ?”

“ಅಳೇದು ಅರಿದಾಕಿ ಸಾಮಿ. ಇದು ಎದುರಿಗೆ ಕರೆದ ಆಲು.”

ಮನೆಯಲ್ಲಿ ಕದಿರಮ್ಮ ಮಾತ್ರೆಯನ್ನು ಅವನ ಅಂಗೈಯಲ್ಲಿಟ್ಟು ಅಲ್ಲೇ ನಿಂತಳು. “ನನ್ನ ಎದುರಿಗೇ ನುಂಗು” ಎಂದಳು. ನುಂಗಿದ. ಬಾಯಿ ಕಟ್ಟುವುದನ್ನೂ ನಡೆಯುವುದನ್ನೂ ಈ ಸಲ ಬಿಡಲಿಲ್ಲ.

ಮುಂದೆ ಅವನು ಬದುಕಿದ್ದ ಒಂಬತ್ತು ವರ್ಷವೂ ರಕ್ತ ಕೊಡುವ ದಿನವನ್ನು ಕದಿರಮ್ಮನೇ ಗೊತ್ತುಮಾಡಿದಳು. ಒಂದು ಸಲವೂ ಅವನಿಗೆ ಮೊದಲೇ ಹೇಳಲಿಲ್ಲ, ಅವನೂ ಕೇಳಲಿಲ್ಲ. ಪ್ರತಿ ಸಲವೂ ಬಂಗಾರಪೇಟೆಯ ಬಸ್ ಸ್ಟಾಂಡಿನಿಂದ ಡಾಕ್ಟರ ಬಾಗಿಲವರೆಗೆ ತನ್ನ ಎರಡು ಕಾಲ ಮೇಲೇ ನಡೆದು ಹೋದ.