ನನ್ನ ಮೊದಲ ಮಣ್ಣೆತ್ತು

“ಅಕ್ಕಾ, ಹಂದಿ ಜೋಡಿ ಭಾಳ ಛಲೋ ಮಾಡೀರಿ!” ಎಂದಳು ನಮ್ಮ ಬಾಡಿಗೆ ಮನೆಯ ಮಾಲೀಕಜ್ಜಿಯ ಮೊಮ್ಮಗಳು. ನಾನು ಮಾಡಿದ್ದು ಎತ್ತುಗಳನ್ನು. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಪರೀಕ್ಷೆಯ ಕೋಚಿಂಗಿಗೆಂದು ಧಾರವಾಡಕ್ಕೆ ಬಂದಿದ್ದ ನಾನು ಮಣ್ಣು ಮುಟ್ಟಿದ್ದೇ ಮೊದಲ ಸಲ. ನಾಚಿಕೆಯಾಗಿ ಅವನ್ನು ಮತ್ತೆ ಮುದ್ದೆ ಮಾಡಲು ಹೊರಟೆ. ಅಜ್ಜಿ ಕಸಿದುಕೊಂಡು ದೇವರ ಜಗಲಿಯ ಮೇಲಿಟ್ಟರು.

“ತಡಿ ಯವ್ವಾ, ಕುಂಕುಮ ಹಚ್ಚಿದ ಮ್ಯಾಲ ಅವೂ ಎತ್ತ ಆಗ್ತಾವ. ಎಲ್ಲಾರೂ ಕೈ ಮುಗೀರಿ!”

ಎಲ್ಲರಿಗಿಂತ ಮೊದಲು ಮೊಮ್ಮಗಳೇ ಕಣ್ಣು ಮುಚ್ಚಿ ಕೈ ಮುಗಿದಳು.

ನಾಲ್ಕು ಉತ್ತರಗಳಲ್ಲಿ ಒಂದೇ ಸರಿ ಎಂದು ಓದುತ್ತಿದ್ದ ನನಗೆ ಈಗ ಮಣ್ಣಿನ ಹುಚ್ಚು ಹಿಡಿದಿದೆ. ಮೊನ್ನೆ ಭಾನುವಾರ ಕುದುರೆ ಮಾಡಿದೆ. ಮೊಮ್ಮಗಳು ಓಡಿಬಂದು ಕಣ್ಣರಳಿಸಿದಳು: “ಅಕ್ಕಾ, ಈ ಸಲ ಎತ್ತು ಖರೇನ ಎತ್ತಿನಂಗ ಆಗೇತ್ರಿ!”