ಐದು ದಿಕ್ಕಿನ ಹೆಡ್‌ಫೋನ್

ಆ ಬೇಸಿಗೆಯಲ್ಲಿ ನಮ್ಮ ಮನೆಯ ಟಿವಿಯ ದನಿ ವಾರದಿಂದ ವಾರಕ್ಕೆ ಏರುತ್ತಿತ್ತು. ನನ್ನ ತಮ್ಮ ವಿಡಿಯೋ ಗೇಮ್ ಆಡುತ್ತಿದ್ದ. ಗುಂಡಿನ ಸದ್ದು, ಬೂಟಿನ ಸಪ್ಪಳ, ಹೆಲಿಕಾಪ್ಟರ್. ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಮನೆಗಳು ಗೋಡೆಗೆ ಗೋಡೆ ಹಂಚಿಕೊಂಡಿದ್ದವು. ಪಕ್ಕದ ಮನೆಯ ಮುದುಕಿ ನಮ್ಮ ಬಾಗಿಲಲ್ಲಿ ನಿಂತು ಅವ್ವನನ್ನು ಕೇಳಿದಳು:

“ಏನವಾ, ನಿಮ್ಮ ಮನ್ಯಾಗ ದಂಡು ಬಂದೈತೇನು?”

“ಬಂದೈತಿ ಬಾ ಯಕ್ಕಾ. ಅವ್ರಿಗೂ ನಾಕ ರೊಟ್ಟಿ ಬಡಿಯೂಣು,” ಎಂದಳು ಅವ್ವ.

ಮುದುಕಿ ನಕ್ಕು ಹೋದಳು. ಅವ್ವ ಒಳಗೆ ಬಂದು ಟಿವಿಯ ದನಿ ಇಳಿಸಿದಳು. ತಮ್ಮ ಎದ್ದು ಮತ್ತೆ ಏರಿಸಿದ.

ತಮ್ಮ ಹೂವಿನ ಹಿಪ್ಪರಗಿ ಕಡೆ ಕಾಲುವೆ ತೋಡುವಲ್ಲಿ ಕೆಲಸಕ್ಕಿದ್ದ. ಅಲ್ಲಿ ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸುತ್ತಿದ್ದರು. ನಮ್ಮ ಕಡೆ ಅದಕ್ಕೆ ಸುರಂಗ ಹಾರಿಸುವುದು ಎನ್ನುತ್ತಾರೆ. ಸಿಡಿಸುವ ಮೊದಲು ನಾಲ್ಕೂ ದಿಕ್ಕಿಗೆ ಕೆಂಪು ಬಾವುಟ ಹಿಡಿದು ಒಬ್ಬೊಬ್ಬರು ನಿಲ್ಲಬೇಕು. ತನ್ನ ಕಡೆ ಮಂದಿ, ದನ ಯಾರೂ ಇಲ್ಲವೆಂದು ನೋಡಿ ಕೂಗಬೇಕು: ಮೂಡಲ ಖಾಲಿ, ತೆಂಕಲ ಖಾಲಿ, ಪಡುವಲ ಖಾಲಿ, ಬಡಗಲ ಖಾಲಿ. ದೇವರಿಗೆ ಸುತ್ತು ಹಾಕಿದ ಹಾಗೆ ಬಲಕ್ಕೆ ತಿರುಗುತ್ತಾ ಹೋಗುವ ಕೂಗು ಅದು. ನಾಲ್ಕನೆಯದು ಕೇಳಿದ ಮೇಲೆ ಮೇಸ್ತ್ರಿ ಬತ್ತಿಗೆ ಬೆಂಕಿ ಇಡುತ್ತಿದ್ದ.

ಬಡಗಲ ನಿಲ್ಲುತ್ತಿದ್ದವನು ನನ್ನ ತಮ್ಮ. ಒಂದು ಮಧ್ಯಾಹ್ನ ಅವನು ಅತ್ತ ನುಗ್ಗಿದ ಕುರಿಗಳನ್ನು ಹಿಂದಕ್ಕೆ ಅಟ್ಟಲು ಬಂಡೆಯ ಹತ್ತಿರಕ್ಕೇ ಹೋಗಿದ್ದಾಗ ಸುರಂಗ ಹಾರಿತು. ಮೈಗೆ ಸಣ್ಣ ಗಾಯಗಳಷ್ಟೇ ಆದವು. ಎಡಗಿವಿಯಿಂದ ರಕ್ತ ಬಂತು. ವಿಜಾಪುರದ ಡಾಕ್ಟರು ಪರದೆ ಹರಿದಿದೆ, ಒಳಗಿನದು ಏನಾಗಿದೆಯೋ ಕಾದು ನೋಡಬೇಕು ಎಂದರು. “ನಾ ಅವತ್ತು ಕೂಗಿಲ್ಲ,” ಎಂದು ತಮ್ಮ ಹಾಸಿಗೆಯಲ್ಲಿ ಹೇಳಿದ. ಕೆಲಸದ ಜಾಗದಲ್ಲಿ ನಾಲ್ಕೈದು ಮಂದಿಯನ್ನು ನಾನೇ ಕೇಳಿದೆ. ನಾನು ಆಗ ಒಂದು ಪತ್ರಿಕೆಗೆ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ತಾಲ್ಲೂಕುಗಳ ಸುದ್ದಿ ಬರೆಯುತ್ತಿದ್ದೆ. ಕೇಳುವುದು ನನ್ನ ಕೆಲಸ. ಬಡಗಲ ಖಾಲಿ ಎಂಬ ಕೂಗು ಕೇಳಿತ್ತೆಂದು ಎಲ್ಲರೂ ಹೇಳಿದರು. ತಪ್ಪು ತಮ್ಮನದೇ ಎಂದಾಯಿತು.

ಮೇಸ್ತ್ರಿ ಮನೆಗೆ ಬಂದು ಚಹಾ ಕುಡಿದು ಹೇಳಿದ್ದ: “ನೋಡ್ರಿ ಪೇಪರ್ ಸಾಹೇಬ್ರ, ಹುಡುಗ ಚಲೋ ಅದಾನ. ಕಿವಿ ಸರಿ ಆದ್ರ ಬರ್ಲಿ. ಹಿಂದ ನಿಂತು ಚಪ್ಪಾಳಿ ಹೊಡಿತೇನಿ, ಯಾವ ಕಡೆ ಅಂತ ಕೈ ತೋರಿಸಿದ್ರ ಅವನ ಜಾಗಾ ಅವಂಗ. ಇಲ್ಲಂದ್ರ ಬ್ಯಾರೆ ಮಂದಿ ಕಾಯಾಕತ್ತಾರ.”

ತಮ್ಮನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಕಿವಿ ತಿದ್ದಿಕೊಳ್ಳಲು ಅವನು ಹಿಡಿದ ದಾರಿ ಗೇಮ್. ಸಿಂದಗಿಯಲ್ಲಿ ಬಸ್ ನಿಲ್ದಾಣದ ಹತ್ತಿರದ ವಿಡಿಯೋ ಗೇಮ್ ಅಂಗಡಿ ಮುಚ್ಚಿದಾಗ ಅವರ ಹಳೆಯ ಕನ್ಸೋಲ್ ಒಂದನ್ನು ತಂದಿಟ್ಟುಕೊಂಡಿದ್ದ. ವೈರಿ ಹಿಂದಿನಿಂದ ಬಂದರೆ ಹೆಜ್ಜೆ ಹಿಂದಿನಿಂದ ಕೇಳುವಂಥ ಹೆಡ್‌ಫೋನ್ ಇರುತ್ತದೆ ಎಂದು ಎಲ್ಲಿಯೋ ಓದಿದ್ದ.

“ಅದನ್ನ ಹಾಕ್ಕೊಂಡ ಆಡಿದ್ರ ದಿಕ್ಕ ಹಿಡಿಯೂದ ಬರ್ತೈತಣ್ಣಾ. ಕಿವಿಗೂ ರೂಢಿ ಮಾಡಸ್ಬೇಕು, ಕೈಕಾಲ ಮುರದ್ರ ಮಾಡಸ್ತಾರಲ್ಲ ಹಂಗ.”

ಅವ್ವನೂ ಒತ್ತಾಯಿಸಿದಳು. ಅವಳಿಗೆ ಬೇಕಾಗಿದ್ದದ್ದು ನಿಶ್ಶಬ್ದ.

ಇಬ್ಬರೂ ಸೊಲ್ಲಾಪುರಕ್ಕೆ ಹೋದೆವು. ರೈಲು ಇಂಡಿ ರೋಡ್ ದಾಟುವವರೆಗೂ ತಮ್ಮ ಕಿಟಕಿಯ ಪಕ್ಕ, ಎಡಗಿವಿ ಕಿಟಕಿಯ ಕಡೆಗೆ ಬರುವಂತೆ ಕುಳಿತಿದ್ದ. ನನ್ನ ಮಾತು ಬಲಗಿವಿಗೆ ಕೇಳಲೆಂದು ಹಾಗೆ ಕೂತಿದ್ದಾನೆ ಎಂದು ನನಗೆ ಹೊಳೆಯಿತು. ಹೌದೇ ಎಂದು ಅವನನ್ನು ಕೇಳಲಿಲ್ಲ.

ಅಂಗಡಿಯವನು ಎರಡು ಡಬ್ಬಿ ಇಟ್ಟ. ಒಂದು ಹಗುರ, ನೋಡಲು ಚಂದ. ಇನ್ನೊಂದು ದಪ್ಪ, ಪ್ರತಿ ಕಿವಿಯ ಬಟ್ಟಲೊಳಗೂ ಮೂರು ನಾಲ್ಕು ಸಣ್ಣ ಸ್ಪೀಕರ್, ಜತೆಗೆ ಒಂದು ಪುಟ್ಟ ಪೆಟ್ಟಿಗೆ.

“ಇದು ಹಗುರೈತಲ್ಲ, ಎರಡ ಸ್ಪೀಕರ್ ಇಟ್ಟು ಐದ ದಿಕ್ಕ ಅದಾವ ಅಂತ ಕಿವಿಗೆ ಸುಳ್ಳ ಹೇಳ್ತೈತ್ರಿ. ಈ ದಪ್ಪಂದು ಖರೇನ ಐದ ದಿಕ್ಕಿಂದು. ಮುಂದ ಎಡಕ್ಕ, ನಡು, ಮುಂದ ಬಲಕ್ಕ, ಹಿಂದ ಬಲಕ್ಕ, ಹಿಂದ ಎಡಕ್ಕ.”

“ಖರೇದ್ದ ಕೊಡ್ರಿ,” ಎಂದ ತಮ್ಮ. “ಸುಳ್ಳ ಹೇಳಾಕ ಮನ್ಯಾಗ ಅಣ್ಣಾ ಅದಾನ, ಪೇಪರ್‌ದಾಗ ಬರೀತಾನ.”

ಅಂಗಡಿಯವನು ನಕ್ಕ. ನಮ್ಮ ಕನ್ಸೋಲಿನ ಹಿಂಬದಿಯಲ್ಲಿ ಆಪ್ಟಿಕಲ್ ಎನ್ನುವ ಬೆಳಕಿನ ಕೇಬಲ್ ಹಾಕುವ ಚೌಕ ತೂತು ಇದೆಯೇ ಎಂದು ಕೇಳಿದ. ಅದಿಲ್ಲದಿದ್ದರೆ ಐದೂ ಸದ್ದು ಬೇರೆ ಬೇರೆಯಾಗಿ ಪೆಟ್ಟಿಗೆಗೆ ಬರುವುದಿಲ್ಲ ಎಂದ. ಇದೆ ಎಂದು ತಮ್ಮ ಹೇಳಿದ. ಮನೆಯಿಂದ ಹೊರಡುವ ಮೊದಲೇ ನೋಡಿಕೊಂಡು ಬಂದಿದ್ದ.

ಮರುದಿನ ಬೆಳಿಗ್ಗೆ ಕರೆಂಟ್ ಇದ್ದ ಹೊತ್ತಿನಲ್ಲಿ ಜೋಡಿಸಿದೆವು. ಮೊದಲು ಸದ್ದೇ ಬರಲಿಲ್ಲ. ಕೇಬಲ್ಲಿನ ತುದಿಗೆ ಸಣ್ಣ ಪ್ಲಾಸ್ಟಿಕ್ ಟೋಪಿ ಇತ್ತು, ಅದನ್ನು ತೆಗೆದೇ ಇರಲಿಲ್ಲ. ತೆಗೆದಾಗ ತುದಿಯಲ್ಲಿ ಕೆಂಪು ಬೆಳಕು ಕಂಡಿತು. ಆಮೇಲೆ ಕನ್ಸೋಲಿನ ಪಟ್ಟಿಯೊಳಗೆ ಹೋಗಿ ಡಿಜಿಟಲ್ ಸದ್ದು ಎಂಬುದನ್ನು ಚಾಲೂ ಮಾಡಬೇಕಾಯಿತು. ಹೆಡ್‌ಫೋನಿನಿಂದ ಹೊರಟ ಮೂರು ಪಿನ್ನುಗಳನ್ನು ಬಣ್ಣ ನೋಡಿ ಪೆಟ್ಟಿಗೆಗೆ ಸಿಕ್ಕಿಸಿದೆವು. ಪೆಟ್ಟಿಗೆಯನ್ನು ತಮ್ಮನ ಬಲಕ್ಕೆ ಸ್ಟೂಲಿನ ಮೇಲಿಟ್ಟೆ.

ಪೆಟ್ಟಿಗೆಯ ಮೇಲೆ ಪರೀಕ್ಷೆಯ ಗುಂಡಿ ಇತ್ತು. ಒತ್ತಿದರೆ ಐದು ದಿಕ್ಕಿನಿಂದಲೂ ಒಂದಾದ ಮೇಲೊಂದು ‘ಸ್ಸ್’ ಎಂಬ ಸದ್ದು ಬರುತ್ತದೆ, ಪೆಟ್ಟಿಗೆಯ ಮೇಲೆ ಆಯಾ ದಿಕ್ಕಿನ ದೀಪ ಹೊತ್ತುತ್ತದೆ. ತಮ್ಮ ಕಣ್ಣು ಮುಚ್ಚಿಕೊಂಡ. ಒತ್ತಿದೆ.

“ಮುಂದ ಎಡಕ್ಕ. ನಡು. ಮುಂದ ಬಲಕ್ಕ. ಹಿಂದ ಬಲಕ್ಕ. ಹಿಂದ ಎಡಕ್ಕ.”

ದೀಪಗಳ ಜತೆಗೇ ಹೇಳಿದ. ಒಂದೂ ತಪ್ಪಲಿಲ್ಲ. ಎರಡನೆಯ ಸಲ ಒತ್ತಿದಾಗ ಅವ್ವ ಅಡುಗೆಮನೆಯಿಂದ ಬಂದು ನೋಡಿದಳು. ಮತ್ತೆ ಸರಿ. ದೇವರ ಮುಂದೆ ಸಕ್ಕರೆ ಇಟ್ಟು ಬಂದಳು. ಮುಂದಿನ ವಾರ ಬರುತ್ತಾನೆಂದು ಮೇಸ್ತ್ರಿಗೆ ನಾನೇ ಫೋನ್ ಮಾಡಿದೆ.

ಮನೆ ಶಾಂತವಾಯಿತು. ತಮ್ಮ ದಿನವಿಡೀ ಆಡುತ್ತಿದ್ದ, ನಾನು ಹಿಂದೆ ಕುಳಿತು ವರದಿ ಬರೆಯುತ್ತಿದ್ದೆ. ಬರೆಯುತ್ತಾ ಆಗಾಗ ಪರದೆ ನೋಡುತ್ತಿದ್ದೆ. ಅವನು ಬೇಗ ಬೇಗ ಸಾಯುತ್ತಿದ್ದ. ವೈರಿ ಎಡದಿಂದ ಬಂದರೆ ಇವನು ಬಲಕ್ಕೆ ತಿರುಗಿ ಗುಂಡು ಹಾರಿಸುತ್ತಿದ್ದ. ಬಲದಿಂದ ಬಂದರೆ ತಿರುಗುತ್ತಲೇ ಇರಲಿಲ್ಲ.

ಭುಜ ಮುಟ್ಟಿ ಆಟ ನಿಲ್ಲಿಸಿದೆ. ಹೆಡ್‌ಫೋನ್ ನೋಡಿದೆ. ಎಡ ಎಂಬ ಗುರುತು ಬಲಗಿವಿಯ ಮೇಲಿತ್ತು. ಪೆಟ್ಟಿಗೆ ಬಲಕ್ಕಿದ್ದುದರಿಂದ ಮೊದಲ ದಿನದಿಂದಲೂ ವೈರು ಆ ಕಡೆ ಬರುವಂತೆ ಹಾಕಿಕೊಳ್ಳುತ್ತಿದ್ದ.

“ಲೇ, ಉಲ್ಟಾ ಹಾಕ್ಕೊಂಡಿಯಲ್ಲೋ!”

“ಅಯ್ಯ! ಅದಕ್ಕ ಸಾಯಾಕತ್ತೇನಿ. ನಾ ಆಡೂದ ಮರತೇನಿ ಅಂತ ತಿಳಿದಿದ್ನಿ.”

ಇಬ್ಬರೂ ನಕ್ಕೆವು. ಅವನು ತಿರುವಿ ಹಾಕಿಕೊಂಡ. ನನ್ನ ನಗು ಮೊದಲು ನಿಂತಿತು. ಉಲ್ಟಾ ಹಾಕಿಕೊಂಡಿದ್ದರೆ ಮೊದಲ ದಿನದ ಪರೀಕ್ಷೆಯಲ್ಲಿ ಎಡದ ಸದ್ದು ಅವನಿಗೆ ಬಲಕ್ಕೆ ಕೇಳಬೇಕಿತ್ತು. ಅವನು ಎಡ ಎಂದು ಹೇಗೆ ಹೇಳಿದ?

“ಕಣ್ಣ ಮುಚ್ಚು. ಇನ್ನೊಮ್ಮೆ ನೋಡೂಣು,” ಎಂದೆ.

ಕಣ್ಣು ಮುಚ್ಚಿದ. ಗುಂಡಿ ಒತ್ತಿದೆ. ಮುಂದಿನ ಎಡದ ದೀಪ ಹೊತ್ತಿತು. ತಮ್ಮ ಗದ್ದ ಎತ್ತಿ, ಕೈ ಮೊಣಕಾಲ ಮೇಲಿಟ್ಟು ಕಾಯುತ್ತಿದ್ದ.

“ಹಚ್ಚಣ್ಣಾ,” ಎಂದ.

ದೀಪ ನಡುವಿಗೆ ಬಂದಾಗ ಅವನು, “ಹಾಂ, ಮುಂದ ಎಡಕ್ಕ,” ಎಂದು ಶುರು ಮಾಡಿದ. ಒಂದು ದೀಪ ಹಿಂದೆ ಬಿದ್ದು, ಅದೇ ಕ್ರಮದಲ್ಲಿ, ಅದೇ ತಾಳದಲ್ಲಿ ಹೇಳುತ್ತಾ ಹೋದ. ಕಣ್ಣು ತೆರೆದು ನನ್ನ ಮುಖ ನೋಡಿದ.

“ಸುರು ಆಗಿತ್ತೇನು?”

“ಆಗಿತ್ತು.”

ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡ. “ನಾ ಸುಳ್ಳ ಹೇಳಿಲ್ಲಣ್ಣಾ,” ಎಂದ. “ಮೊದಲನೇದ್ದ ಕೇಳಿತು. ಉಳದದ್ದು ಬಾಯಾಗ ಬಂತು. ಅಂಗಡಿಯಂವ ಹೇಳಿದ ಸರದಿ ಗೊತ್ತಿತ್ತಲ್ಲ. ಕೇಳಿದಂಗ ಆತು.”

ಅವ್ವನಿಗೆ ಅವತ್ತೇ ಹೇಳಿದೆವು. ಅವಳು ದೇವರ ಮುಂದಿನ ಸಕ್ಕರೆ ತೆಗೆಯಲಿಲ್ಲ. ಇರುವೆ ತಿಂದವು.

ಮೇಸ್ತ್ರಿಗೆ ಹೇಳಿದ್ದ ದಿನ ಇಬ್ಬರೂ ಕೆಲಸದ ಜಾಗಕ್ಕೆ ಹೋದೆವು. ಮೇಸ್ತ್ರಿ ಚಪ್ಪಾಳೆ ಹೊಡೆಯಲು ಹಿಂದೆ ಬಂದು ನಿಲ್ಲುವ ಮೊದಲೇ ತಮ್ಮ ಹೇಳಿದ:

“ಎಡಗಿವಿ ಹೋಗೇತ್ರಿ. ದಿಕ್ಕ ತಿಳಿಯಂಗಿಲ್ಲ.”

ಮೇಸ್ತ್ರಿ ಸುತ್ತ ನೋಡಿ ದನಿ ಇಳಿಸಿದ. ತಗ್ಗಿದ ದನಿ ತಮ್ಮನಿಗೆ ಕೇಳಲಿಲ್ಲ. ನಾನು ಮತ್ತೆ ಹೇಳಬೇಕಾಯಿತು. ಮೇಸ್ತ್ರಿ ಹೇಳಿದ್ದು ಇಷ್ಟು: “ಹೋದ್ರ ಹೋಗ್ಲಿ ಬಿಡು, ಬಾಯಿ ಐತಲ್ಲ? ಇಲ್ಲಿ ಯಾರ ಕೇಳ್ತಾರೋ ಹುಚ್ಚಾ? ಮಿಷನ್ ಸಪ್ಪಳದಾಗ ಏನ ಕೇಳ್ತೈತಿ? ಸರದಿ ಬಂತಂದ್ರ ಕೂಗ್ತಾರ. ಒಬ್ಬಂವ ನೀರ ಕುಡ್ಯಾಕ ಹೋಗಿದ್ರ ಬಾಜೂದಂವ ಅವಂದೂ ಕೂಗ್ತಾನ.”

ತಮ್ಮ ನನ್ನ ಬಾಯನ್ನೇ ನೋಡುತ್ತಾ ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೇಸ್ತ್ರಿಯನ್ನು ಕೇಳಿದ:

“ಹಂಗಾರ ಅವತ್ತ ನಂದ ಯಾರ ಕೂಗಿದ್ರಿ?”

ಮೇಸ್ತ್ರಿ ಪಡುವಲ ಕಡೆ ಒಮ್ಮೆ ನೋಡಿದ. ಅಲ್ಲಿ ಬಾವುಟ ಹಿಡಿದವನು ನಮ್ಮ ಕಡೆಯೇ ನೋಡುತ್ತಿದ್ದ, ಆಮೇಲೆ ಮುಖ ತಿರುವಿದ. “ಯಾರೋ ಕೂಗಿದ್ರು. ಈಗ್ಯಾಕ ಅದು? ಬರ್ತಿಯೋ ಇಲ್ಲೋ ಹೇಳು.”

“ಇಲ್ರಿ,” ಎಂದ ತಮ್ಮ. “ಬಂದ್ರ ನಾನೂ ಹಂಗ ಸರದಿ ಮ್ಯಾಲ ಕೂಗ್ತೇನಿ. ಮನ್ಯಾಗ ಕೂಗಿ ನೋಡೇನಿ.”

ನಾವು ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ಹಿಂದೆ ಕೂಗು ಶುರುವಾಯಿತು. ನಾಲ್ಕೂ ಬಂದವು. ನೆಲ ಅದುರಿತು. ನನ್ನ ತಮ್ಮ, ಸದ್ದು ಬಂದ ಕಡೆಯ ಬದಲು, ಊರಿನ ಕಡೆ ತಿರುಗಿ ನೋಡಿದ.

ಆ ಕೂಗಿನ ಬಗ್ಗೆ ನಾನು ವರದಿ ಕಳಿಸಿದೆ. ಒಳಪುಟದಲ್ಲಿ, ಕಾಲುವೆ ಕೆಲಸ ಚುರುಕಾಗಿದೆ ಎಂಬ ಸುದ್ದಿಯ ಕೆಳಗೆ ಸಣ್ಣದಾಗಿ ಬಂತು. ಕೂಗುವ ಪದ್ಧತಿ ಹಾಗೇ ನಡೆಯಿತು.

ತಮ್ಮ ತಾಳಿಕೋಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯೊಂದಕ್ಕೆ ಸೇರಿದ. ಮೊದಲ ವಾರಗಳಲ್ಲಿ ಗಿರಾಕಿಗಳು ಎಡದಿಂದ ಕರೆದು, ಉತ್ತರ ಬಾರದೆ ಬಯ್ಯುತ್ತಿದ್ದರಂತೆ. “ಏ ಕಿವುಡ” ಎಂಬುದೇ ಹೆಸರಾಗುವುದರಲ್ಲಿತ್ತು. ಕನ್ಸೋಲನ್ನು ಅವನು ಊರಲ್ಲೇ ಬಿಟ್ಟಿದ್ದ. ಒಂದು ಸಲ ಬಂದವನು ಹೆಡ್‌ಫೋನನ್ನಷ್ಟೇ ಒಯ್ದ.

ಮುದ್ದೇಬಿಹಾಳದ ಸಭೆಯೊಂದರ ಸುದ್ದಿ ಮುಗಿಸಿ ತಾಳಿಕೋಟೆಗೆ ಹೋದ ದಿನ ನಾನು ಅಂಗಡಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ತಮ್ಮ ತಲೆ ಬಗ್ಗಿಸಿ ಫೋನ್ ಬಿಚ್ಚುತ್ತಿದ್ದ. ತಲೆಯ ಮೇಲೆ ಆ ದಪ್ಪ ಹೆಡ್‌ಫೋನ್. ಒಬ್ಬ ಗಿರಾಕಿ ಎರಡು ಸಲ ಕರೆದ. ಇನ್ನೊಬ್ಬ, “ಹಾಡ ಕೇಳಾಕತ್ತಾನ್ರಿ, ಟೇಬಲ್ ಬಡೀರಿ,” ಎಂದ. ಬಯ್ಯದೆ ಬಡಿದರು. ತಮ್ಮ ತಲೆ ಎತ್ತಿ, ಬಲದ ಬಟ್ಟಲು ಸರಿಸಿ, “ಹೇಳ್ರಿ,” ಎಂದ.

ಮೂರು ಪಿನ್ನುಗಳನ್ನು ಯಾವುದಕ್ಕೂ ಸಿಕ್ಕಿಸದೆ ರಬ್ಬರ್ ಬ್ಯಾಂಡ್ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಎಡದ ಗುರುತು ಎಡಗಿವಿಯ ಮೇಲೇ ಇತ್ತು.