ಲಗ್ನಪತ್ರಿಕೆಯ ತೂತಿನಲ್ಲಿ ಕಂಡ ಗುಡ್ಡ

ನಮ್ಮ ಡ್ರಾಯಿಂಗ್ ಮಾಸ್ತರ ಹಣೆ ನುಣುಪು, ಕೆನ್ನೆ ನುಣುಪು. ಕಣ್ಣಿನ ಮೂಲೆಗಳಲ್ಲಿ ಮಾತ್ರ ಬೀಸಣಿಗೆಯ ಮಡಿಕೆಗಳಂಥ ಸುಕ್ಕು. ಬಿಸಿಲಲ್ಲಿ ಕೂತು ನಲವತ್ತು ವರ್ಷ ಅರೆಗಣ್ಣಿನಿಂದ ಗುಡ್ಡ ನೋಡಿದ ಫಲ ಅದು. "ಕಣ್ಣು ಪೂರಾ ತಗದ್ರ ಎಲಿ ಎಣಸ್ತೀರಿ. ಅರ್ಧ ಮುಚ್ಚರಿ, ಆಗ ಗಿಡ ಕಾಣತೈತಿ" ಎನ್ನುತ್ತಿದ್ದರು.

ಶಾಲೆಯಿಂದ ನಿವೃತ್ತರಾದ ಮೇಲೆ ಗಂಗಾವತಿಯಲ್ಲಿ ಭಾನುವಾರಕ್ಕೊಮ್ಮೆ ನಾಲ್ಕೈದು ಜನರಿಗೆ ನಿಸರ್ಗಚಿತ್ರ ಕಲಿಸುತ್ತಿದ್ದರು. ನಾನು ಸೇರಿದ್ದು ಡಿಗ್ರಿ ಎರಡನೇ ವರ್ಷದಲ್ಲಿ. ಚರ್ಚಾಸ್ಪರ್ಧೆಯ ಹುಳ ಆಗಲೇ ತಲೆಗೆ ಹೊಕ್ಕಿತ್ತು. ಯಾರೇ ಏನೇ ಹೇಳಲಿ, 'ಹೇಗೆ?' ಎಂದು ಕೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

ಮೊದಲ ಪಾಠಕ್ಕೇ ವಿರೂಪಾಪುರಗಡ್ಡೆಗೆ ಕರೆದೊಯ್ದು ಭತ್ತದ ಗದ್ದೆಯ ಬದುವಿನ ಮೇಲೆ ಕೂರಿಸಿದರು. ಗದ್ದೆಯಾಚೆ ಬಂಡೆಗಳು, ಬಂಡೆಗಳಾಚೆ ದೂರದಲ್ಲೊಂದು ಗುಡ್ಡ. ಮಾಸ್ತರು ಆ ಗುಡ್ಡಕ್ಕೆ ನೀಲಿ ಹಚ್ಚಿದರು. ನನಗೆ ಸುಮ್ಮನಿರಲಾಗಲಿಲ್ಲ.

"ಸರ್, ಅದು ಬೆಲ್ಲದ ಬಣ್ಣದ ಗುಡ್ಡ ರೀ. ನಾ ಹತ್ತಿ ಬಂದೀನಿ. ನೀಲಿ ಎಲ್ಲಿಂದ ಬಂತು?"

"ಹತ್ತಿದಾಗ ಕಂಡದ್ದು ಬಿಡು. ಇಲ್ಲಿ ಕುಂತ್ರ ಏನ ಕಾಣತೈತಿ, ಅದನ್ನ ಹೇಳು."

"ಇದ್ದದ್ದು ಒಂದು, ಕಾಣೂದು ಒಂದು ಅಂದ್ರ ಕಣ್ಣು ಸುಳ್ಳು ಹೇಳಿದಂಗಾತಲ್ರಿ?"

"ಬಂದ್ಳಪಾ ವಕೀಲವ್ವ!" ಎಂದು ಮಾಸ್ತರು ಜೇಬಿನಿಂದ ಹಳೆಯ ಲಗ್ನಪತ್ರಿಕೆಯೊಂದನ್ನು ತೆಗೆದರು. ತಮ್ಮದೇ ಲಗ್ನದ್ದು, ಹಂಚಿ ಉಳಿದದ್ದು. ನಡುವೆ ಅಂಗಿಯ ಗುಂಡಿಯಷ್ಟು ತೂತು, ಅದೂ ಸರಿಯಾಗಿ ಮುಹೂರ್ತದ ಸಾಲಿನ ಮೇಲೆ. "ಇದರಾಗ ನೋಡು. ಗುಡ್ಡ ಅನ್ನೂದು ಮರಿ. ಯಾವ ಬಣ್ಣ ಐತಿ?"

ಗದ್ದೆ, ಬಂಡೆ, ಆಕಾಶ ಎಲ್ಲ ಮರೆಯಾಗಿ ತೂತಿನಲ್ಲಿ ಒಂದು ಚುಕ್ಕೆ ಬಣ್ಣವಷ್ಟೇ ಉಳಿಯಿತು. ನೀಲಿ. ಬೂದಿ ಬೆರೆಸಿದಂಥ ಮಬ್ಬು ನೀಲಿ. ಸೋಲು ನನಗೆ ಹೊಸದಲ್ಲ. ಒಂದು ಲಗ್ನಪತ್ರಿಕೆಗೆ ಸೋತೆನಲ್ಲ ಎಂದು ಸಿಟ್ಟು ಬಂತು. ಮಾಸ್ತರು ಪತ್ರಿಕೆಯನ್ನು ನನಗೇ ಕೊಟ್ಟುಬಿಟ್ಟರು.

ಅವರ ಪಾಠಗಳೆಲ್ಲ ಹೀಗೆ ಕೈಗೆ ಸಿಗುವಂಥವು. ಯಾರಾದರೂ ಕಪ್ಪು ಬಣ್ಣದ ಟ್ಯೂಬು ತಂದರೆ ಕಸಿದು ಜೇಬಿಗಿಳಿಸುತ್ತಿದ್ದರು. ಕಪ್ಪು ಬೇಕಾದರೆ ನೀಲಿಗೆ ಕಂದು ಬೆರೆಸಿಕೊಳ್ಳಬೇಕು. ಶುರು ದೊಡ್ಡ ಕುಂಚದಿಂದ. ಸಣ್ಣದನ್ನು ಕೊನೆಯ ಹತ್ತು ನಿಮಿಷಕ್ಕೆ ಮುಂಚೆ ಮುಟ್ಟುವಂತಿಲ್ಲ. ಕೂತ ಕೂಡಲೇ ನೆರಳುಗಳನ್ನು ಗುರುತು ಹಾಕಿಬಿಡಬೇಕು, ಆಮೇಲೆ ಬಿಸಿಲು ಎತ್ತ ಸರಿದರೂ ಅವನ್ನು ಬದಲಿಸಬಾರದು. ನಾನು ಬದಲಿಸಿದೆ. ಸಂಜೆತನಕ ತಿದ್ದಿ ತಿದ್ದಿ ಒಂದು ಬಂಡೆಯ ನೆರಳು ಎಡಕ್ಕೆ ಬಿತ್ತು, ಇನ್ನೊಂದರದ್ದು ಬಲಕ್ಕೆ. ಮಾಸ್ತರು ಚಿತ್ರವನ್ನು ತಲೆಕೆಳಗು ಹಿಡಿದು ನೋಡಿ, "ನಿಮ್ಮ ಓಣ್ಯಾಗ ಎಷ್ಟು ಸೂರ್ಯ ಅದಾವವಾ?" ಎಂದರು. ಅಂದಿನಿಂದ ಚಿತ್ರದ ಬೆನ್ನಿಗೆ ಹೊತ್ತನ್ನೂ ಬಿಸಿಲು ಬಂದ ದಿಕ್ಕನ್ನೂ ಬರೆಯುವುದು ನನಗೂ ರೂಢಿಯಾಯಿತು. ಅವರು ಮೊದಲಿನಿಂದ ಬರೆಯುತ್ತಿದ್ದರು.

ಮೂರು ವರ್ಷ ಕಳೆದಿತ್ತು. ಅದೇ ಬದು, ಅದೇ ಗುಡ್ಡ. ಈಚೆಗೆ ಮಾಸ್ತರು ಟ್ಯೂಬಿನ ಮೇಲಿನ ಬಣ್ಣದ ಹೆಸರನ್ನು ನಮ್ಮಿಂದ ಓದಿಸುತ್ತಿದ್ದರು, "ಅಕ್ಷರ ಸಣ್ಣ ಹಾಕ್ಯಾರ" ಎಂದು ಬೈಯುತ್ತ. ಅವತ್ತು ಅದನ್ನೂ ಕೇಳಲಿಲ್ಲ. ಚಿತ್ರ ಮುಗಿದಾಗ ನೋಡಿದರೆ ದೂರದ ಗುಡ್ಡ ಬೆಲ್ಲದ ಬಣ್ಣಕ್ಕಿತ್ತು.

"ಭಾಳ ಛಲೋ ಬಂದೈತ್ರಿ ಸರ್" ಎಂದರು ಉಳಿದವರು.

"ವಕೀಲವ್ವ ಯಾಕ ಸುಮ್ಮನದಾಳ?"

"ಸರ್, ಗುಡ್ಡ ನೀಲಿ ಐತ್ರಿ."

"ಅಲಲಲ! ಬೆಲ್ಲದ ಬಣ್ಣ ಅಂತ ಜಗಳ ತಗದಾಕಿ ನೀನ ಅಲ್ಲನು?"

ಎಲ್ಲರೂ ನಕ್ಕರು. ನಾನು ಲಗ್ನಪತ್ರಿಕೆಯನ್ನು ಅವರ ಕೈಗಿಟ್ಟೆ. "ಇದರಾಗ ನೋಡ್ರಿ. ಗುಡ್ಡ ಅನ್ನೂದು ಮರೀರಿ."

ಒಂದು ಕಣ್ಣಲ್ಲಿ ನೋಡಿದರು, ಇನ್ನೊಂದರಲ್ಲಿ ನೋಡಿದರು. "ಕಂದು ಬಣ್ಣನ ಐತಲ್ಲ" ಎಂದರು ಮೆಲ್ಲಗೆ. ನನ್ನ ಕಡುನೀಲಿ ದುಪಟ್ಟಾದ ತುದಿಯನ್ನು ತೂತಿನ ಹಿಂದೆ ಹಿಡಿದೆ. "ಇದು ಯಾವ ಬಣ್ಣ ರೀ?"

"ಇದೂ ಅದ ಬಣ್ಣ."

ನಾನು ಪತ್ರಿಕೆಯನ್ನು ಮರಳಿ ತೆಗೆದುಕೊಂಡೆ.

ಎರಡೂ ಕಣ್ಣಿಗೆ ಪೊರೆ ಬಂದು ಮಾಸ್ತರಿಗೆ ನೀಲಿಯೂ ಕಂದಾಗಿ ಕಾಣುತ್ತಿತ್ತು. ಡಾಕ್ಟರು ವರ್ಷದ ಹಿಂದೆಯೇ ಹೇಳಿದ್ದನ್ನು ಹೆಂಡತಿಗೂ ತಿಳಿಸದೆ ಮುಚ್ಚಿಟ್ಟಿದ್ದರು. ಮರಳುವಾಗ ಬಸ್ಸಿನಲ್ಲಿ ಅವರೇ ಬಾಯಿಬಿಟ್ಟರು: "ಕಣ್ಣಾಗ ಚಾಕು ಹಾಕ್ತಾರವಾ. ಕೈ ತಪ್ಪಿದ್ರ?"

"ಹಿಂಗ ಬಿಟ್ರೂ ಹೋಗ್ತಾವಲ್ರಿ ಸರ್. ಚಾಕು ಹಾಕಿಸಿದ್ರ ಕೈ ತಪ್ಪಲಿಕ್ಕಿಲ್ಲ ಅನ್ನೂ ಆಸೆ ಆದ್ರೂ ಐತಿ."

 ಗಂಗಾವತಿಯಲ್ಲಿ ಇಳಿಯುವಾಗ "ನೀ ಬರ್ತೀಯೇನು ದವಾಖಾನಿಗೆ?" ಎಂದು ಕೇಳಿದರು.

ನಾನೂ ಜೊತೆಗೆ ಹೋದೆ. ಆಪರೇಷನ್ ಎರಡೂ ಕಣ್ಣಿಗೆ ಚೆನ್ನಾಗಿ ಆಯಿತು. ಮನೆಗೆ ಬಂದವರೇ ಆ ಬೆಲ್ಲದ ಗುಡ್ಡದ ಚಿತ್ರದ ಮುಂದೆ ನಿಂತರು. ಹೆಂಡತಿಯನ್ನು ಕೂಗಿ, "ಮಂದಿಯೆಲ್ಲ ಛಲೋ ಛಲೋ ಅಂದ್ರು. ಜಗಳಾಡಿದಾಕಿ ಈಕಿ ಒಬ್ಬಾಕಿನ. ಈಕಿ ಚಹಾಕ್ಕ ಸಕ್ರಿ ಒಂದೀಟು ಹೆಚ್ಚ ಹಾಕು" ಎಂದರು.

ಆಮೇಲೆ ಎರಡು ಚಳಿಗಾಲ ಮನಸಾರೆ ಚಿತ್ರ ಬರೆದರು. ಹೋದ ವರ್ಷ, ಒಂದು ಮುಂಜಾನೆ ಕುಂಚ ತೊಳೆಯುತ್ತ ಕೂತಲ್ಲೇ ಹೋಗಿಬಿಟ್ಟರು. ದಿನಕರ್ಮಗಳು ಮುಗಿದ ಮೇಲೆ ಅವರ ಹೆಂಡತಿ ಹಳೆಯ ಧೋತರದಲ್ಲಿ ಸುತ್ತಿದ ಚಿತ್ರವೊಂದನ್ನು ನನಗೆ ಕೊಟ್ಟರು. ಬೆಲ್ಲದ ಗುಡ್ಡ. ಬೆನ್ನಿಗೆ ಎಂದಿನಂತೆ "ಮುಂಜಾನೆ ಎಂಟು, ಬಿಸಿಲು ಬಲಕ್ಕೆ" ಎಂದಿತ್ತು. ಅದರ ಕೆಳಗೆ ಬೇರೆ ಪೆನ್ನಿನಲ್ಲಿ:

"ವಕೀಲವ್ವಾ, ಕಂಡಂಗ ಬರಿ ಅಂದವ ನಾನ. ಅವತ್ತು ನನಗ ಹಿಂಗ ಕಂಡಿತ್ತು. ಹಂಗಾರ ತಪ್ಪು ಎಲ್ಲೈತಿ? ಹೇಳು."

 ಚಿತ್ರವನ್ನು ಬೆನ್ನಿನ ಪ್ರಶ್ನೆ ಕಾಣುವಂತೆ ಗೋಡೆಗೆ ತೂಗುಹಾಕಿದ್ದೇನೆ. ಉಲ್ಟಾ ಹಾಕಿದ್ದೀರಿ ಎಂದು ಮನೆಗೆ ಬಂದವರೆಲ್ಲ ಹೇಳುತ್ತಾರೆ. ಅವರೊಡನೆ ನಾನು ವಾದಕ್ಕಿಳಿಯುವುದಿಲ್ಲ.